ಉರ್ವದ ಮೂಲೆಗೆ ಮಾಡಿದ ಮೂರ್ತಿ

ಮೆರ್ಲಿನ್ ಬಲ್ಮಠದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಅವಳ ಹತ್ತಿರ ಆನೆ, ತಾವರೆ, ದೋಣಿ ಬರೆಯಲು ಕಲಿತವರು ಮಂಗಳೂರಿನ ತುಂಬ ಇದ್ದಾರೆ. ಬ್ಯಾಂಕಿನಲ್ಲೋ ಸಿಟಿ ಬಸ್ಸಿನಲ್ಲೋ ಎದುರಾದರೆ "ಮಿಸ್" ಎಂದು ಎದ್ದು ಸೀಟು ಬಿಟ್ಟುಕೊಡುತ್ತಾರೆ. ಆದರೆ ಅವಳ ಕೈಗೆ ನಿಜವಾಗಿ ಒಲಿದಿದ್ದ ಕೆಲಸ ಬೇರೆ. ಅಪ್ಪ ಆಂಬ್ರೋಸ್ ಇಗರ್ಜಿಗಳಿಗೆ ಸಂತರ ಮೂರ್ತಿ ಮಾಡಿಕೊಡುತ್ತಿದ್ದವರು. ಸರಳು ಬಗ್ಗಿಸಿ ಹಂದರ ಕಟ್ಟಿ, ಅದಕ್ಕೆ ಕೋಳಿಬಲೆಯ ತಂತಿ ಸುತ್ತಿ, ಮೇಲೆ ಸಿಮೆಂಟು ಮೆತ್ತಿ ಮುಖ ತೆಗೆಯುವ ಕೆಲಸವನ್ನು ಅವಳು ಅವರ ಪಕ್ಕದಲ್ಲಿ ಕೂತು ಕಲಿತಳು. ಸಂತ ಅಂತೋನಿಯ ಕೈಯಲ್ಲಿರುವ ಮಗುವಿನ ಬೆರಳುಗಳನ್ನೆಲ್ಲ ಮಾಡುತ್ತಿದ್ದವಳು ಅವಳೇ. ಹೆಸರು ಮಾತ್ರ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಫೈಬರಿನ ರೆಡಿಮೇಡ್ ಮೂರ್ತಿಗಳು ಲಾರಿಯಲ್ಲಿ ಬರತೊಡಗಿದವು. ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಶಾಲೆಯಿಂದ ನಿವೃತ್ತಿಯಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವಳು ಗಂಡ ಫ್ಲೋಯ್ಡ್‌ನ ಎದುರು ಕೂತು ಒಂದೇ ಮಾತು ಹೇಳಿದಳು. "ಈ ಊರಿನಲ್ಲಿ ನಾನು ಮಾಡಿದ್ದು ಅಂತ ಒಂದು ನಿಲ್ಬೇಕು. ಒಂದು ಸಾಕು."

ಫ್ಲೋಯ್ಡ್ ಬಹರೇನಿನ ಹೋಟೆಲೊಂದರ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದು ಬಂದ ಮನುಷ್ಯ. ಮಾತು ಕಡಿಮೆ. ಮರುದಿನವೇ ಉರ್ವದ ಮನೆಯ ಹಿಂದೆ ಶೀಟು ಹಾಕಿಸಿ ಅವಳಿಗೊಂದು ಶೆಡ್ ಮಾಡಿಕೊಟ್ಟ.

ಹಾಗಿರುವಾಗ ನಗರ ಕಲಾ ಸಮಿತಿ ಎಂಬುದೊಂದು ಹುಟ್ಟಿಕೊಂಡಿತು. ಊರಿನ ಮುಖ್ಯ ಜಾಗಗಳಲ್ಲಿ ಶಿಲ್ಪಗಳನ್ನು ನಿಲ್ಲಿಸುತ್ತೇವೆ, ವಿಷಯ "ದುಡಿಯುವ ಮಂಗಳೂರು", ಸ್ಥಳೀಯ ಕಲಾವಿದರು ಮಾದರಿ ಕಳಿಸಬಹುದು ಎಂದು ಪತ್ರಿಕೆಯಲ್ಲಿ ಬಂತು. ಮೆರ್ಲಿನ್‌ಗೆ ಯೋಚಿಸಲು ಹೊತ್ತು ಬೇಕಾಗಲಿಲ್ಲ. ಮದುವೆಯಾಗಿ ಉರ್ವಕ್ಕೆ ಬಂದಾಗಿನಿಂದ ಅವಳು ಮೀನು ಕೊಳ್ಳುತ್ತಿದ್ದುದು ಬಾಗಿಯ ಹತ್ತಿರ. ಮಾರುಕಟ್ಟೆಯ ಎದುರು ರಸ್ತೆ ತಿರುಗುವ ಮೂಲೆಯಲ್ಲಿ ಬಣ್ಣ ಮಾಸಿದ ಕೊಡೆಯ ಕೆಳಗೆ ಬಾಗಿ ಒಂದು ಮೊಣಕಾಲು ಮಡಚಿ, ಇನ್ನೊಂದರ ಮೇಲೆ ಕೈಯೂರಿ, ಗದ್ದ ಎತ್ತಿ ಕೂರುವ ರೀತಿಯೇ ಬೇರೆ. ರಸ್ತೆ ತನ್ನದು, ನೀವೆಲ್ಲ ಹಾದುಹೋಗುವವರು ಎನ್ನುವ ಹಾಗೆ. ಮೆರ್ಲಿನ್ ಆ ಕೂರುವಿಕೆಯನ್ನೇ ಆವೆಮಣ್ಣಿನಲ್ಲಿ ಮಾಡಿ ಕಳಿಸಿದಳು. ಸಮಿತಿ ಒಪ್ಪಿತು.

ದೊಡ್ಡ ಮೂರ್ತಿಗಾಗಿ ಬಾಗಿ ಮೀನು ಖಾಲಿಯಾದ ಮೇಲೆ ಮಧ್ಯಾಹ್ನ ಶೆಡ್ಡಿಗೆ ಬಂದು ಕೂರುತ್ತಿದ್ದಳು. ಇಬ್ಬರ ಮಾತೂ ತುಳುವಿನಲ್ಲಿ. ಬಾಗಿಗೆ ತನ್ನ ಮುಖದ ಬಗ್ಗೆ ಬಹಳ ಕಾಳಜಿಯಿತ್ತು.

"ಕೆನ್ನೆ ಇಷ್ಟು ಒಳಗೆ ಹೋಗಿಲ್ಲ ಟೀಚರ್ ನಂದು."

"ಹೋಗಿದೆ ಬಾಗಿಯಕ್ಕ."

"ಹೋದ್ರೂ ನೀವು ಹಾಕ್ಬಾರ್ದು. ನಾಳೆ ನೋಡುವವ್ರು ಎಂತ ಹೇಳ್ತಾರೆ, ಈ ಬಾಗಿಗೆ ಮನೆಯಲ್ಲಿ ಊಟ ಹಾಕ್ತಿರ್ಲಿಲ್ಲ ಅಂತ ಹೇಳ್ತಾರೆ."

ಮೆರ್ಲಿನ್ ನಕ್ಕು ಕೆನ್ನೆಗೆ ಸ್ವಲ್ಪ ಸಿಮೆಂಟು ತುಂಬಿದಳು. ಮೂಗುತಿ ಯಾವ ಕಡೆ, ಮುಡಿಯಲ್ಲಿ ಮಲ್ಲಿಗೆ ಎಷ್ಟು, ಎಲ್ಲದಕ್ಕೂ ಬಾಗಿಯದೇ ತೀರ್ಮಾನ. ಮೂರ್ತಿ ಮುಗಿದಾಗ ಬಾಗಿ ಅದನ್ನು ಸುತ್ತು ಬಂದು ನೋಡಿ, ಸೆರಗಿನ ತುದಿಯಿಂದ ಅದರ ಹಣೆಯ ಧೂಳು ಒರೆಸಿದಳು.

ಮೂರ್ತಿಯೇನೋ ಆಯಿತು, ನಿಲ್ಲಿಸುವುದೆಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ. ಅದಕ್ಕೆಂದು ಸಮಿತಿ ಪ್ರೇಮ್ ಎಂಬ ಯೋಜನಾ ಸಲಹೆಗಾರನನ್ನು ಗೊತ್ತುಮಾಡಿತು. ಅವನು ಕೆಟ್ಟವನಲ್ಲ, ಕೆಲಸ ಬಲ್ಲವನು, ಎದುರಿನವರ ಮಾತನ್ನು ಪೂರ್ತಿ ಕೇಳುವವನು. ಮೊದಲ ಸಭೆಯಲ್ಲೇ ಅವನು, "ಜಾಗ ನೋಡಿ ಮೂರ್ತಿ ಮಾಡ್ಬೇಕಿತ್ತು ಮೇಡಂ. ಈಗ ಮೂರ್ತಿಗೆ ಜಾಗ ಹುಡುಕುವ ಕೆಲಸ ಆಯ್ತು," ಎಂದ.

ಮೊದಲು ಒಂದು ವೃತ್ತದ ನಡುವೆ ಎಂದರು. ಅಲ್ಲಿಟ್ಟರೆ ತಿರುವಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ, ಅಲ್ಲದೆ ನಡೆದು ಹೋಗುವವರು ಹತ್ತಿರ ಸುಳಿಯುವ ಹಾಗಿಲ್ಲ ಎಂದು ಪ್ರೇಮನೇ ಬೇಡವೆಂದ. ಆಮೇಲೆ ಬಲ್ಮಠದ ಏರಿನಲ್ಲಿ ಕಾಲೇಜೊಂದರ ಬಳಿ. ಅಲ್ಲಿ ನೆಲದಡಿ ಪೈಪು, ಕೇಬಲ್ಲು. ಅದಕ್ಕಿಂತ ಹೆಚ್ಚಾಗಿ, ವಿದ್ಯೆ ಕಲಿಯುವಲ್ಲಿ ಮೀನಿನವಳು ಯಾಕೆ ಎಂದು ಸದಸ್ಯರೊಬ್ಬರು ಕೇಳಿದರು. "ಬುಟ್ಟಿಯಲ್ಲಿ ಮೀನಿನ ಬದಲು ಹೂ ಮಾಡ್ಲಿಕ್ಕೆ ಆಗ್ತದಾ ಮೇಡಂ?" ಎಂದೂ ವಿನಯದಿಂದಲೇ ವಿಚಾರಿಸಿದರು. ಬಳಿಕ ಪಡೀಲ್, ಊರಿಗೆ ಬರುವವರಿಗೆ ಸ್ವಾಗತ ಕೋರಿದ ಹಾಗಾಗುತ್ತದೆ ಎಂಬ ಲೆಕ್ಕಾಚಾರ. ಅಲ್ಲಿ ರಸ್ತೆ ಇನ್ನೂ ಅಗಲವಾಗಲಿಕ್ಕಿದೆ, ಇವತ್ತು ಇಟ್ಟದ್ದನ್ನು ನಾಳೆ ಕೀಳಬೇಕಾದೀತು ಎಂದು ಅದೂ ಬಿದ್ದುಹೋಯಿತು.

ಮಳೆಗಾಲ ಕಳೆಯಿತು. ಮೂರ್ತಿ ಶೆಡ್ಡಿನಲ್ಲಿ ಗೋಣಿ ಹೊದ್ದುಕೊಂಡು ಕೂತೇ ಇತ್ತು. ಸಮಿತಿಯೇ ಮುಚ್ಚಿಹೋಗಬಹುದು ಎಂಬ ಸುದ್ದಿ ಹಬ್ಬಿತು. ಮೆರ್ಲಿನ್‌ಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಸಮಿತಿಯ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುವುದು, ಯಾರಾದರೂ ಒಳಗೆ ಕರೆದರೆ ಅದದೇ ಮಾತು ಹೇಳುವುದು, ವಾಪಸು ಬರುವುದು ಅವಳಿಗೆ ರೂಢಿಯಾಯಿತು. ಕೊನೆಗೊಂದು ಸಭೆಯಲ್ಲಿ, ಇನ್ನೇನು ವಿಷಯ ಮುಂದೂಡಿ ಎಲ್ಲರೂ ಏಳುತ್ತಾರೆ ಎನ್ನುವಾಗ ಅವಳು ಎದ್ದು ನಿಂತು, "ಉರ್ವದಲ್ಲೇ ಇಡಿ ಹಾಗಾದ್ರೆ. ಮಾರ್ಕೆಟ್ಟಿನ ಮೂಲೆಯಲ್ಲಿ. ಅವಳು ನಿಜವಾಗಿ ಕೂತ್ಕೊಳ್ಳುವಲ್ಲಿ," ಎಂದುಬಿಟ್ಟಳು.

ಪ್ರೇಮ್ ತಲೆಯೆತ್ತಿ ಅವಳನ್ನು ನೋಡಿದ. ಲ್ಯಾಪ್‌ಟಾಪಿನಲ್ಲಿ ನಕ್ಷೆ ತೆರೆದ. ಅವನ ಮುಖ ಅರಳಿತು. ಜನ ನಡೆದಾಡುವ ಜಾಗ, ಮೂರೂ ಕಡೆಯಿಂದ ಕಾಣುತ್ತದೆ, ಮಕ್ಕಳು ಮುಟ್ಟಬಹುದು, ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳಬಹುದು. ಅವತ್ತು ಎಲ್ಲರೂ ಅವಳ ಕೈ ಕುಲುಕಿದರು. ಮನೆಗೆ ಬರುವ ದಾರಿಯಲ್ಲಿ ಅವಳು ಬಾಗಿಗೆ ಸುದ್ದಿ ಹೇಳಿಯೇ ಮುಂದೆ ಹೋದಳು. ಬಾಗಿ ಅವಳ ಚೀಲಕ್ಕೆ ದುಡ್ಡು ಬೇಡವೆಂದು ಎರಡು ಕಾಣೆ ಮೀನು ಹಾಕಿದಳು.

ನಕ್ಷೆ ಕೈಗೆ ಬಂದದ್ದು ವಾರಗಳ ನಂತರ. ಮೂಲೆಯ ತುಂಬ ಕಲ್ಲು ಹಾಸು, ಅಂಚಿಗೆ ತಗ್ಗಿನ ಕಟ್ಟೆ, ನೆಲದಿಂದ ಮೇಲೆ ಬೆಳಕು ಚೆಲ್ಲುವ ದೀಪ, ಸುತ್ತ ಗಿಡ, ನಡುವೆ ಮೂರ್ತಿ. ಮೆರ್ಲಿನ್ ಬೆರಳಿಟ್ಟು ಹುಡುಕಿದಳು. ಬಾಗಿಯ ಕೊಡೆ, ಅವಳ ಪಕ್ಕದಲ್ಲಿ ಕೂರುವ ಉಳಿದ ಹೆಂಗಸರ ಕೊಡೆಗಳು ಎಲ್ಲೂ ಇರಲಿಲ್ಲ. ನಕ್ಷೆಯ ಅಂಚಿನಲ್ಲಿ ಬರೆದಿತ್ತು: ಮಾರಾಟ ನಿಷೇಧಿತ ಜಾಗ.

ಅವಳು ಆಟೋ ಮಾಡಿಕೊಂಡು ನೇರ ಪ್ರೇಮನ ಆಫೀಸಿಗೆ ಹೋದಳು.

"ಇಲ್ಲಿ ಕೂರುವವರು ಎಲ್ಲಿಗೆ ಹೋಗುವುದು?"

"ಅವ್ರಿಗೆ ಮಾರ್ಕೆಟ್ಟಿನ ಒಳಗೆ ಜಾಗ ಕೊಡ್ತಾರೆ ಮೇಡಂ. ಹಿಂದಿನ ಸಾಲಿನಲ್ಲಿ, ಕಲ್ಲಿನ ಕಟ್ಟೆ, ನೀರಿನ ನಳ್ಳಿ ಎಲ್ಲ ಉಂಟು."

"ಹಿಂದೆ ಯಾರು ಬರ್ತಾರೆ ಪ್ರೇಮ್? ಸ್ಕೂಟರಿನವರು ರಸ್ತೆ ಬದಿ ನಿಲ್ಲಿಸಿ ತಗೊಂಡು ಹೋಗ್ತಾರೆ, ಅದೇ ಅವರ ವ್ಯಾಪಾರ."

"ಆ ಸ್ಕೂಟರ್ ನಿಲ್ಲುವುದೇ ಅಲ್ವಾ ತೊಂದರೆ. ನಡೆಯುವವರಿಗೆ ದಾರಿ ಇಲ್ಲ." ಅವನು ನಕ್ಷೆಯನ್ನು ಅವಳ ಕಡೆ ತಿರುಗಿಸಿದ. "ಜಾಗ ನೀವೇ ಹೇಳಿದ್ದಲ್ವಾ ಮೇಡಂ."

ಅವಳು ನಕ್ಷೆ ಮಡಚಿಕೊಂಡು ಮೆಟ್ಟಿಲು ಇಳಿದಳು.

ಅಲ್ಲಿಂದ ಅವಳ ಅಲೆದಾಟ ಶುರುವಾಯಿತು. ಮೊದಲು ಜಾಗ ಕೊಡಿ ಎಂದು ಕೂತ ಅದೇ ಬೆಂಚಿನ ಮೇಲೆ ಈಗ ಜಾಗ ಬೇಡ ಎಂದು ಕೂತಳು. ವೃತ್ತದಲ್ಲೇ ಇಡಿ, ಪಡೀಲಿನಲ್ಲೇ ಇಡಿ, ಎಲ್ಲೂ ಇಡಬೇಡಿ, ನನಗೇ ಬಿಟ್ಟುಕೊಡಿ ಎಂದು ಬೇಡಿಕೊಂಡಳು. ಮೂರ್ತಿ ಈಗ ಸಮಿತಿಯದು, ಜಾಗ ಮಂಜೂರಾಗಿದೆ, ಕಲಾವಿದರು ಹೀಗೆ ದಿನಕ್ಕೊಂದು ಮಾತಾಡಿದರೆ ಹೇಗೆ ಎಂದರು. ಕೆಲವರು ಅವಳು ಬರುವುದು ಕಂಡರೆ ಫೋನು ಕಿವಿಗಿಟ್ಟು ಆಚೆ ಹೋಗತೊಡಗಿದರು. ಫ್ಲೋಯ್ಡ್ ದಿನವೂ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ, ಹೊರಗೆ ಕಾಯುತ್ತಿದ್ದ, ಏನಾಯಿತೆಂದು ಕೇಳುತ್ತಿರಲಿಲ್ಲ.

ಬಾಗಿಗೆ ಹೇಳದೆ ಉಪಾಯವಿರಲಿಲ್ಲ. ಹೇಳಿದರೆ ಬಾಗಿ ನಕ್ಕಳು.

"ನನ್ನ ಮೂರ್ತಿ ಇಡುವವರು ನನ್ನನ್ನು ಎಬ್ಬಿಸ್ತಾರಾ ಟೀಚರ್? ಎಂತ ಮಾತು ನಿಮ್ದು. ಇನ್ನು ನನ್ನನ್ನು ಯಾರೂ ಅಲ್ಲಾಡಿಸ್ಲಿಕ್ಕೆ ಆಗುವುದಿಲ್ಲ. ಬಂದರಿನ ಧಕ್ಕೆಯಲ್ಲಿ ಎಲ್ಲರಿಗೂ ಹೇಳಿ ಆಯ್ತು ನಾನು."

ಪಕ್ಕದಲ್ಲಿ ಮಂಜುಗಡ್ಡೆ ಒಡೆಯುತ್ತಿದ್ದ ಸೊಸೆ ಭವ್ಯಶ್ರೀ ನಗಲಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳು ರಜೆಯ ದಿನ ಅತ್ತೆಗೆ ನೆರವಾಗಲು ಬರುತ್ತಿದ್ದಳು. ಮೆರ್ಲಿನ್ ಹೊರಟಾಗ ನಾಲ್ಕು ಹೆಜ್ಜೆ ಹಿಂದೆಯೇ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಅತ್ತೆಗೆ ಅರ್ಥ ಆಗುವುದಿಲ್ಲ. ನಂಗೆ ಆಗ್ತದೆ. ನಿಮ್ಮ ಬೊಂಬೆಗೆ ಕೂರ್ಲಿಕ್ಕೆ ಜಾಗ ಬೇಕು, ಅದಕ್ಕೆ ಇವರು ಏಳ್ಬೇಕು. ಅಷ್ಟೇ ಅಲ್ವಾ ಟೀಚರ್?"

"ಎಬ್ಬಿಸುವುದನ್ನು ನಾನು ನಿಲ್ಲಿಸ್ತೇನೆ ಭವ್ಯ."

"ನೀವು ಹೇಗೆ ನಿಲ್ಲಿಸ್ತೀರಿ?"

ಕೆಲಸ ಶುರುವಾಗುವ ಮೊದಲು ಅಕ್ಕಪಕ್ಕದ ನಿವಾಸಿಗಳ ಅಭಿಪ್ರಾಯ ಕೇಳುವ ಸಭೆಯೊಂದಿತ್ತು. ಅದೇ ಕೊನೆಯ ದಾರಿ ಎಂದು ಮೆರ್ಲಿನ್ ಬಾಯಿಪಾಠ ಮಾಡಿಕೊಂಡು ಹೋದಳು. ಹಾಲ್ ತುಂಬಿತ್ತು, ಹೆಚ್ಚಿನವರು ಹೊಸ ಅಪಾರ್ಟ್‌ಮೆಂಟುಗಳವರು. ಪರದೆಯ ಮೇಲೆ ಅವಳ ಮೂರ್ತಿಯ ಚಿತ್ರ ಬಿದ್ದೊಡನೆ ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಗಾಗಿ ಅವಳು ಜೀವಮಾನ ಪೂರ್ತಿ ಕಾದಿದ್ದಳು. ಎದ್ದು ಮೈಕ್ ಹಿಡಿದರೆ ಬಾಯಿಪಾಠವೆಲ್ಲ ಹಾರಿಹೋಯಿತು. "ಇವಳು ಅಲ್ಲಿ ಕೂತು ಮೀನು ಮಾರ್ತಾಳೆ. ನಿಜವಾಗಿ ಇದ್ದಾಳೆ. ಇವಳನ್ನು ಎಬ್ಬಿಸಿ ಇವಳದ್ದೇ..." ಎಂದಷ್ಟೇ ಬಂತು.

ಎರಡನೇ ಸಾಲಿನಿಂದ ಟಾನ್ಯಾ ಎದ್ದಳು. ಮೆರ್ಲಿನ್‌ಳ ಹಳೆಯ ವಿದ್ಯಾರ್ಥಿನಿ, ಈಗ ದಂತವೈದ್ಯೆ. ಹತ್ತಿರ ಬಂದು ಟೀಚರ ಭುಜ ಬಳಸಿ, ಮೈಕ್ ತಾನು ತೆಗೆದುಕೊಂಡಳು.

"ಮಿಸ್ ಎಮೋಷನಲ್ ಆಗಿದ್ದಾರೆ. ನಮ್ಗೆಲ್ಲ ಈ ಮೂರ್ತಿ ತುಂಬ ಇಷ್ಟ ಆಗಿದೆ ಮಿಸ್. ಎಷ್ಟು ವರ್ಷದಿಂದ ಆ ಮೂಲೆಯಲ್ಲಿ ನೀರು, ವಾಸನೆ, ನೊಣ. ಮಕ್ಕಳನ್ನು ಕರ್ಕೊಂಡು ನಡೀಲಿಕ್ಕೆ ಆಗ್ತಿರ್ಲಿಲ್ಲ. ನಿಮ್ಮಿಂದಾಗಿ ಅದು ಚಂದ ಆಗ್ತದೆ. ಥ್ಯಾಂಕ್ಯೂ ಮಿಸ್."

ಮತ್ತೆ ಚಪ್ಪಾಳೆ ಬಿತ್ತು. ಟಾನ್ಯಾಳ ಕಣ್ಣಲ್ಲಿ ನಿಜವಾದ ಪ್ರೀತಿಯಿತ್ತು. ಮೆರ್ಲಿನ್ ಕುರ್ಚಿಗೆ ಮರಳಿ ಕೂತು, ಸಭೆ ಮುಗಿಯುವ ತನಕ ನೆಲ ನೋಡುತ್ತಿದ್ದಳು.

ಮೂಲೆ ತೆರವು ಮಾಡುವ ದಿನ ಬೆಳಿಗ್ಗೆ ಭವ್ಯಶ್ರೀ ಫೋನು ಮಾಡಿದಳು. ಮೆರ್ಲಿನ್ ಮನೆಯ ಸೀರೆಯಲ್ಲೇ ಫ್ಲೋಯ್ಡ್‌ನ ಸ್ಕೂಟರ್ ಹತ್ತಿದಳು. ಅವಳು ತಲುಪುವಾಗ ಉಳಿದ ಹೆಂಗಸರು ಕ್ರೇಟು ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಬಾಗಿ ಒಬ್ಬಳೇ ಕೂತಿದ್ದಳು. ಅವಳ ಕೊಡೆಯನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅವಳ ಹಿಂದೆ ದೊಡ್ಡದೊಂದು ಫ್ಲೆಕ್ಸ್. ಅದರಲ್ಲಿ ಕಲ್ಲು ಹಾಸು, ಗಿಡ, ನಡುವೆ ಮೂರ್ತಿ.

ಬಾಗಿಯ ಮುಖದಲ್ಲಿ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು. "ಬಂದ್ರಲ್ಲ ಟೀಚರ್. ಹೇಳಿ ಇವರಿಗೆ. ನಾನು ಹೇಳಿದ್ರೆ ನಂಬುವುದಿಲ್ಲ ಇವರು. ಅದು ಯಾರು ಅಂತ ಹೇಳಿ."

ಸೈಟ್ ಎಂಜಿನಿಯರ್ ಇನ್ನೂ ಚಿಕ್ಕ ಪ್ರಾಯದವನು. ಮೆರ್ಲಿನ್ ಅವನ ಹತ್ತಿರ ಹೋದಳು. "ಇದು ಇವರೇ," ಎಂದಳು. "ಆ ಫ್ಲೆಕ್ಸಿನಲ್ಲಿ ಇರುವುದು ಇವರು. ನಾನು ಇವರನ್ನು ನೋಡಿ ಮಾಡಿದ್ದು. ನೀವು ನೋಡಿ ಬೇಕಾದ್ರೆ."

ಅವನು ಫ್ಲೆಕ್ಸ್ ನೋಡಿದ, ಬಾಗಿಯನ್ನು ನೋಡಿದ. ಗದ್ದ, ಮೂಗುತಿ, ಮಡಚಿದ ಮೊಣಕಾಲು. ಅವನಿಗೆ ಆಶ್ಚರ್ಯವಾಯಿತು. "ಹೌದಲ್ಲ ಮಾರಾಯ್ರೆ," ಎಂದು ಪಕ್ಕದವರಿಗೆ ತೋರಿಸಿದ. ಆಮೇಲೆ ಫೋನು ತೆಗೆದು, ಬಾಗಿಯೂ ಫ್ಲೆಕ್ಸೂ ಒಟ್ಟಿಗೆ ಬರುವ ಹಾಗೆ ಸ್ವಲ್ಪ ಹಿಂದೆ ಸರಿದು ಫೋಟೋ ತೆಗೆದ. ಬಾಗಿ ಫೋಟೋಕ್ಕೆಂದು ಸೆರಗು ಸರಿಮಾಡಿ ಗದ್ದ ಎತ್ತಿದಳು. ಅವನು ಅವಳಿಗೆ ಕೈ ಮುಗಿದ. ಅನಂತರ ಕಂಟ್ರಾಕ್ಟರ್ ಕರೆತಂದಿದ್ದ ಇಬ್ಬರು ಹೆಂಗಸರ ಕಡೆ ತಿರುಗಿ, "ಮೆಲ್ಲಗೆ ಎತ್ತಿ, ಪ್ರಾಯ ಆಗಿದೆ ಅವ್ರಿಗೆ," ಎಂದ.

ಇಬ್ಬರೂ ಬಾಗಿಯ ಕಂಕುಳಿಗೆ ಕೈ ಕೊಟ್ಟರು. ಮೆರ್ಲಿನ್ ಓಡಿ ಹೋಗಿ ಮೀನಿನ ನೀರು ಹರಿದಿದ್ದ ನೆಲದಲ್ಲೇ ಬಾಗಿಯ ಪಕ್ಕ ಕೂತುಬಿಟ್ಟಳು. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಸ್ಕೂಟರಿನವರು ನಿಂತು ನೋಡುತ್ತಿದ್ದರು. ಎಂಜಿನಿಯರ್ ಏನು ಮಾಡಬೇಕೆಂದು ತೋಚದೆ ಫ್ಲೋಯ್ಡ್‌ನ ಮುಖ ನೋಡಿದ.

ಕೈ ಬಿಡಿಸಿಕೊಂಡದ್ದು ಬಾಗಿಯೇ. ಅವಳ ದೃಷ್ಟಿ ಇನ್ನೂ ತನಗೆ ಕೈ ಮುಗಿದವನ ಮೇಲಿತ್ತು. ಫೋಟೋ ತೆಗೆದವನು, ಗುರುತು ಹಿಡಿದವನು, ಆದರೂ ಎಬ್ಬಿಸುವವನು. ಅದು ಅವಳಿಗೆ ಅರ್ಥವಾಗಲು ಇಷ್ಟು ಹೊತ್ತು ಹಿಡಿದಿತ್ತು. "ಏಳಿ ಟೀಚರ್," ಎಂದಳು. "ನಿಮ್ಮ ಸೀರೆ ಹಾಳಾಯ್ತು." ಯಾರ ಆಸರೆಯೂ ಇಲ್ಲದೆ ತಾನೇ ಎದ್ದು, ಕತ್ತಿ ಮಣೆ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದ ಮೆರ್ಲಿನ್ ಸೀರೆ ಬದಲಿಸಲಿಲ್ಲ. ಶೆಡ್ಡಿಗೆ ಹೋಗಿ ಮೂರ್ತಿಯ ಮೇಲಿನ ಗೋಣಿ ಎಳೆದು ಹಾಕಿದಳು. ದೊಡ್ಡ ಸುತ್ತಿಗೆ ತೆಗೆದುಕೊಂಡಳು. ಮೊದಲ ಏಟು ಗದ್ದಕ್ಕೆ ಬಿತ್ತು. ಸಿಮೆಂಟು ಗಟ್ಟಿಯಾಗಿತ್ತು, ಅವಳು ಚೆನ್ನಾಗಿ ನೀರುಣಿಸಿ ಬೆಳೆಸಿದ ಸಿಮೆಂಟು, ಸುಲಭದಲ್ಲಿ ಬಿಡಲಿಲ್ಲ. ಮೂಗು ಹೋಯಿತು, ತುಂಬಿಸಿದ ಕೆನ್ನೆ ಹೋಯಿತು, ಒಳಗಿನ ಕೋಳಿಬಲೆ ಕಂಡಿತು. ಹೊಡೆಯುವಾಗ ಅವಳು ಅಳುತ್ತಿರಲಿಲ್ಲ, ಉಸಿರು ಮಾತ್ರ ಏದುಬ್ಬಸದ ಹಾಗೆ ಬರುತ್ತಿತ್ತು. ಫ್ಲೋಯ್ಡ್ ಬಾಗಿಲಲ್ಲಿ ನಿಂತಿದ್ದ. "ಮೆರ್ಲಿ, ಕೈಗೆ ಪೆಟ್ಟಾಗ್ತದೆ," ಎಂದು ಒಮ್ಮೆ ಹೇಳಿದ. ತಡೆಯಲಿಲ್ಲ.

ಮುಖವಿಲ್ಲದ ಮೂರ್ತಿಯನ್ನು ಅವರು ಇಡುವುದಿಲ್ಲ, ಇಡದಿದ್ದರೆ ಮೂಲೆ ಮೊದಲಿನಂತೆ ಉಳಿಯುತ್ತದೆ ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. ಮೊದಲನೆಯದು ಹಾಗೆಯೇ ಆಯಿತು. ಸಮಿತಿಯವರು ಬಂದು ನೋಡಿ, ಕೇಸು ಹಾಕುತ್ತೇವೆ ಎಂದು ಕೂಗಾಡಿ, ಹಾಕದೆ ಬಿಟ್ಟರು. ಎರಡನೆಯದು ಆಗಲಿಲ್ಲ. ಕಲ್ಲು ಹಾಸುವ ಕೆಲಸ ಒಂದು ದಿನವೂ ನಿಲ್ಲಲಿಲ್ಲ. ಉದ್ಘಾಟನೆಗೆ ಹೊತ್ತಾಯಿತೆಂದು ಅವರು ಎಲ್ಲಿಂದಲೋ ಫೈಬರಿನ ನೀಲಿ ಡಾಲ್ಫಿನ್ ಒಂದನ್ನು ತರಿಸಿ ನಿಲ್ಲಿಸಿದರು. ಮಕ್ಕಳು ಅದರ ಬೆನ್ನು ಹತ್ತಿ ಫೋಟೋ ತೆಗೆಸಿಕೊಳ್ಳತೊಡಗಿದರು.

ಉದ್ಘಾಟನೆಯ ಮಾರನೆಯ ದಿನ ಬಾಗಿ ಶೆಡ್ಡಿಗೆ ಬಂದಳು. ಒಗೆದ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಹಿಂದಿನ ದಿನ ಪಡೀಲಿನಿಂದ ಮಗಳನ್ನೂ ಮೊಮ್ಮಕ್ಕಳನ್ನೂ ಕರೆಸಿಕೊಂಡು ಮೂಲೆಗೆ ಹೋಗಿದ್ದಳಂತೆ. ಪರದೆ ಸರಿಸಿದಾಗ ಡಾಲ್ಫಿನ್ ಕಂಡಿತು. ಮೊಮ್ಮಗಳು, "ಅಜ್ಜಿ, ನೀವೆಲ್ಲಿ?" ಎಂದು ಕೇಳಿದಳಂತೆ.

"ಎಲ್ಲುಂಟು ಅದು?" ಬಾಗಿ ಕೇಳಿದಳು.

ಮೆರ್ಲಿನ್ ಗೋಣಿ ತೆಗೆದು ತೋರಿಸಿದಳು.

ಬಾಗಿ ಹತ್ತಿರ ಹೋದಳು. ಕೈ ಮುಂದೆ ಮಾಡಿ, ಮುಖವಿದ್ದಲ್ಲಿ ಸುರುಟಿಕೊಂಡಿದ್ದ ಬಲೆಯನ್ನು ಮುಟ್ಟಿ, ತುದಿ ಚುಚ್ಚಿದ್ದಕ್ಕೆ ಹಿಂದೆ ತೆಗೆದಳು.

"ಯಾರು ಮಾಡಿದ್ದು?"

"ನಾನೇ ಬಾಗಿಯಕ್ಕ. ನಿಮ್ಮ ಜಾಗ ಉಳೀಬೇಕು ಅಂತ."

"ನನ್ನನ್ನು ಕೇಳಿದ್ರಾ ನೀವು?"

ಮೆರ್ಲಿನ್ ಕೈಯಲ್ಲಿದ್ದ ಗೋಣಿಯನ್ನು ಮಡಚತೊಡಗಿದಳು.

"ಜಾಗ ಹೇಗೂ ಹೋಗಿತ್ತು," ಬಾಗಿ ಹೇಳಿದಳು. ದನಿ ಏರಿರಲಿಲ್ಲ. "ಅದು ನನಗೆ ಅವತ್ತೇ ಗೊತ್ತಾಗಿತ್ತು. ಮುಖ ಆದ್ರೂ ಇರ್ತಿತ್ತು ಅಲ್ಲಿ. ನಾನು ಸತ್ತ ಮೇಲೆ ಮಕ್ಕಳು ಬಂದು ನೋಡ್ತಿದ್ರು. ಅದನ್ನು ನೀವು ಹೊಡೆದು ಹಾಕಿದ್ರಿ ಟೀಚರ್. ಅವರು ಬರೀ ಎಬ್ಬಿಸಿದ್ರು, ಅಷ್ಟೇ."

ಅವಳು ಹೋದ ಮೇಲೆ ಮೆರ್ಲಿನ್ ಅಲ್ಲೇ ಮರಳಿನ ರಾಶಿಯ ಮೇಲೆ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಫ್ಲೋಯ್ಡ್ ತಟ್ಟೆ ಅಲ್ಲಿಗೇ ತಂದಿಟ್ಟು ತಾನೂ ಪಕ್ಕದಲ್ಲಿ ಕೂತ. ಗಂಜಿ ಆರಿ ಕೆನೆಗಟ್ಟಿತು. ತನಗಾಗಿ ಒಂದು ನಿಲ್ಲಬೇಕೆಂದು ಆ ಮೂಲೆಯನ್ನು ಸೂಚಿಸಿದ್ದು, ಆಮೇಲೆ ಬಾಗಿಗಾಗಿ ಅದನ್ನು ಒಡೆದದ್ದು, ಎರಡರಲ್ಲೂ ಬಾಗಿಯ ಮಾತನ್ನು ಕೇಳದೇ ಹೋದದ್ದು, ಅವಳ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು.

ಹಿಂದಿನ ಸಾಲಿನಲ್ಲಿ ವ್ಯಾಪಾರ ಆಗಲಿಲ್ಲ. ಕೆಲವು ಹೆಂಗಸರು ಮೀನು ಬಿಟ್ಟು ಮನೆಗೆಲಸಕ್ಕೆ ಹೋದರು. ಬಾಗಿ ಬುಟ್ಟಿ ಹೊತ್ತು ಮನೆ ಮನೆ ತಿರುಗತೊಡಗಿದಳು; ಬೆಳಿಗ್ಗೆ ಉರ್ವ, ಅಲ್ಲಿಂದ ಬಸ್ಸಿನಲ್ಲಿ ಮಗಳ ಮನೆಯಿರುವ ಪಡೀಲ್. ಬುಟ್ಟಿ ಇಟ್ಟುಕೊಂಡು ಬಸ್ಸು ಹತ್ತಲು ಕೆಲವು ಕಂಡಕ್ಟರುಗಳು ಬಿಡುವುದಿಲ್ಲ, ಆಗ ಮುಂದಿನ ಬಸ್ಸಿಗೆ ಕಾಯಬೇಕು ಎಂದು ಭವ್ಯಶ್ರೀ ಯಾರಿಗೋ ಹೇಳಿದ್ದು ಮೆರ್ಲಿನ್‌ಳ ಕಿವಿಗೆ ಬಿತ್ತು. ಎಲ್ಲ ಗೇಟುಗಳ ಮುಂದೆ ನಿಂತು ಕೂಗುವ ಬಾಗಿ ಮೆರ್ಲಿನ್‌ಳ ಗೇಟಿನ ಮುಂದೆ ಮಾತ್ರ ಕೂಗದೆ ಹೋಗುತ್ತಿದ್ದಳು. ಮೆರ್ಲಿನ್ ಕಿಟಕಿಯ ಪರದೆಯ ಹಿಂದಿನಿಂದ ಅವಳು ದಾಟಿ ಹೋಗುವುದನ್ನು ನೋಡುತ್ತಿದ್ದಳು.

ಚಳಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೇಟು ಸದ್ದಾಯಿತು. ಬಾಗಿ ಒಳಗೆ ಬಂದು ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿದಳು. ಅವಳು ಸೊರಗಿಹೋಗಿದ್ದಳು, ಕೆನ್ನೆ ನಿಜವಾಗಿಯೂ ಒಳಸೇರಿತ್ತು.

"ಬಂಗುಡೆ ಉಂಟು," ಎಂದಳು.

ಮೆರ್ಲಿನ್ ಪಾತ್ರೆ ತಂದಳು. ಬಾಗಿ ಎಣಿಸಿ ಹಾಕಿದಳು. ಇಬ್ಬರೂ ಮೀನನ್ನೇ ನೋಡುತ್ತಿದ್ದರು.

"ಬಾಗಿಯಕ್ಕ, ಇನ್ನೊಮ್ಮೆ ಬಂದು ಕೂತ್ಕೊಳ್ತೀರಾ?" ಮೆರ್ಲಿನ್ ಕೇಳಿದಳು. "ಯಾವ ಸಮಿತಿಗೂ ಅಲ್ಲ. ನಿಮಗೇ. ನಿಮ್ಮ ಮನೆಯಲ್ಲಿ ಇಡ್ಲಿಕ್ಕೆ. ನಿಮಗೆ ಬೇಕಾದ ಹಾಗೆ ಮಾಡ್ತೇನೆ."

ಬಾಗಿ ಉಳಿದ ಮೀನಿನ ಮೇಲೆ ಒದ್ದೆ ಗೋಣಿ ಎಳೆದಳು.

"ಪಡೀಲಿನ ಬಸ್ಸು ತಪ್ತದೆ," ಎಂದಳು ಬಾಗಿ. ತಲೆಗೆ ಸಿಂಬಿ ಇಟ್ಟುಕೊಂಡು ಬುಟ್ಟಿಯ ಒಂದು ಕಡೆ ಹಿಡಿದಳು. ಇನ್ನೊಂದು ಕಡೆಯನ್ನು ಮೆರ್ಲಿನ್ ಹಿಡಿದಳು. ಇಬ್ಬರೂ ಸೇರಿ ಎತ್ತಿದರು.